ಹತ್ತಿಪ್ಪತ್ತು ಮಕ್ಕಳ ಸರ್ಕಾರಿ ಶಾಲೆ: ಉಳಿಸಬೇಕೇ, ಸೇರಿಸಬೇಕೇ?

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಒಳಊರುಗಳಲ್ಲಿ ಇಪ್ಪತ್ತು ಮಕ್ಕಳೂ ಇಲ್ಲದ ಸರ್ಕಾರಿ ಪ್ರಾಥಮಿಕ ಶಾಲೆ ಈಗ ಅಪರೂಪವಲ್ಲ. 2025-26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಘೋಷಿಸಿದ ಮೇಲೆ, ಸುತ್ತಲಿನ ಸಣ್ಣ ಶಾಲೆಗಳನ್ನು ಅವುಗಳೊಳಗೆ ಸೇರಿಸುವ ಮಾತು ಜೋರಾಗಿದೆ. ಸೇರಿಸುವುದು ಸರಿಯೇ ಎಂಬ ಪ್ರಶ್ನೆಗೆ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಬರೆದಿದ್ದಾರೆ.

ಪರ: ಮಕ್ಕಳನ್ನಲ್ಲ, ತರಗತಿಗಳನ್ನು ಎಣಿಸಿ

ಹದಿನೆಂಟು ಮಕ್ಕಳು, ಇಬ್ಬರು ಶಿಕ್ಷಕರು. ಈ ಲೆಕ್ಕ ಕೇಳಿದವರು ಸಾಮಾನ್ಯವಾಗಿ ಹೇಳುವುದು ಒಂದೇ: ಒಬ್ಬರಿಗೆ ಒಂಬತ್ತೇ ಮಕ್ಕಳಾ, ಮಂಗಳೂರಿನ ಯಾವ ದೊಡ್ಡ ಫೀಸಿನ ಶಾಲೆಯಲ್ಲಿ ಸಿಗುತ್ತದೆ ಇಷ್ಟು ಗಮನ? ಆ ಒಂಬತ್ತೂ ಮಕ್ಕಳು ಒಂದೇ ತರಗತಿಯವರಾಗಿದ್ದರೆ ಮಾತು ನಿಜ. ಆದರೆ ಇಂಥ ಶಾಲೆಯ ಹಾಜರಿ ಪುಸ್ತಕ ತೆರೆದರೆ ಕಾಣುವುದು ಹೀಗೆ: ಒಂದನೇ ತರಗತಿಯಲ್ಲಿ ಐವರು, ಎರಡರಲ್ಲಿ ಮೂವರು, ಮೂರರಲ್ಲಿ ನಾಲ್ವರು, ನಾಲ್ಕರಲ್ಲಿ ಇಬ್ಬರು, ಐದರಲ್ಲಿ ನಾಲ್ವರು. ಸಣ್ಣ ಶಾಲೆಯ ಪರ ಮಾತಾಡುವವರು ಮಕ್ಕಳ ತಲೆ ಎಣಿಸುತ್ತಾರೆ. ಎಣಿಸಬೇಕಾದದ್ದು ತರಗತಿಗಳನ್ನು.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಈ ಮಾತನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಮುಖ್ಯ ಶಿಕ್ಷಕರು ಪ್ರತ್ಯೇಕ. ಅಂದರೆ ಐದು ತರಗತಿಗೆ ಐವರು ಶಿಕ್ಷಕರು ಕಾನೂನಿನ ಲೆಕ್ಕದಲ್ಲಿ ಸಿಗಬೇಕಾದರೆ ಶಾಲೆಯಲ್ಲಿ 121 ಮಕ್ಕಳಿರಬೇಕು. ಹದಿನೆಂಟು ಮಕ್ಕಳ ಶಾಲೆಗೆ ಮೂರನೆಯವರು ಯಾವ ಸರ್ಕಾರ ಬಂದರೂ ಬರುವುದಿಲ್ಲ. 'ಶಿಕ್ಷಕರನ್ನು ಕೊಡಿ, ಶಾಲೆ ಉಳಿಯುತ್ತದೆ' ಎಂದು ಮನವಿ ಕೊಡುವವರು ಈ ಅನುಸೂಚಿಯನ್ನೊಮ್ಮೆ ಓದಬೇಕು.

ಇಬ್ಬರೇ ಇದ್ದಾಗ ದಿನ ಹೇಗೆ ಹೋಗುತ್ತದೆ ನೋಡೋಣ. ಒಂದರಿಂದ ಮೂರನೇ ತರಗತಿ ನಲಿಕಲಿ, ಮೂರೂ ಒಂದೇ ಕೋಣೆಯಲ್ಲಿ. ಕಲಿಕೆಯ ಏಣಿ, ಕಾರ್ಡು, ಐದು ತಟ್ಟೆ ಅಂದರೆ ಐದು ಗುಂಪು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಮೊದಲನೆಯ ತಟ್ಟೆಯಲ್ಲಿ, ಸ್ವತಃ ಕಲಿಯುವವರು ಐದನೆಯದರಲ್ಲಿ, ಮಧ್ಯದಲ್ಲಿ ಸ್ವಲ್ಪ ಸಹಾಯ ಬೇಕಾದವರು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯವಿಡೀ ಬಂದ ಈ ಪದ್ಧತಿ ಬಹುವರ್ಗ ಬೋಧನೆಗೆಂದೇ ಕಟ್ಟಿದ್ದು. ಹಾಗಾಗಿ ಒಬ್ಬ ಟೀಚರ್ ಮೂರು ತರಗತಿಯ ಹನ್ನೆರಡು ಮಕ್ಕಳನ್ನು ನಡೆಸಬಹುದು, ನಡೆಸುತ್ತಿದ್ದಾರೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು ಪಕ್ಕದ ಕೋಣೆಯಲ್ಲಿ. ನಾಲ್ಕಕ್ಕೆ ಬಂದ ಮೇಲೆ ಏಣಿಯಿಲ್ಲ, ಕಾರ್ಡಿಲ್ಲ. ತರಗತಿಗೆ ತರಗತಿಯದೇ ಪಠ್ಯಪುಸ್ತಕ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಈ ನಾಲ್ಕು ವಿಷಯ ಎರಡು ತರಗತಿಗೆ ಎಂಟು ಪಾಠ. 40 ನಿಮಿಷದ ಅವಧಿಗಳಲ್ಲಿ ಒಂದು ತರಗತಿಗೆ ಪಾಠ ಹೇಳುವಾಗ ಇನ್ನೊಂದು ತರಗತಿ 'ನೋಡಿ ಬರೆ'ಯುತ್ತಿರುತ್ತದೆ. ಅರ್ಧ ದಿನ ಮಗು ಬರೆಯುವುದು ಶಿಕ್ಷಣವಲ್ಲ, ಮಗುವನ್ನು ಸುಮ್ಮನಿರಿಸುವ ಉಪಾಯ.

ಗಣಿತದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. 824ನ್ನು 4ರಿಂದ ಭಾಗಿಸು ಎಂದರೆ ಮಗು ಎಂಟರಲ್ಲಿ ನಾಲ್ಕು ಎರಡು ಸಲ ಎಂದು 2 ಬರೆಯುತ್ತದೆ, ಎರಡರಲ್ಲಿ ನಾಲ್ಕು ಹೋಗುವುದಿಲ್ಲ ಎಂದು ಅಲ್ಲಿ ಸೊನ್ನೆ ಹಾಕದೆ ನಾಲ್ಕನ್ನು ಇಳಿಸುತ್ತದೆ, 24ರಲ್ಲಿ ಆರು ಸಲ ಎಂದು 6 ಬರೆದು ಉತ್ತರ 26 ಎನ್ನುತ್ತದೆ. ಬರಬೇಕಾದದ್ದು 206. ಈ ತಪ್ಪನ್ನು ಹಿಡಿಯಬೇಕಾದ ಹೊತ್ತು ಎರಡರ ಕೆಳಗೆ ಪೆನ್ಸಿಲ್ ನಿಂತ ಆ ಕ್ಷಣ. ಆಗ ಟೀಚರ್ ಪಕ್ಕದಲ್ಲಿದ್ದು 'ಹತ್ತರ ಮನೆಗೆ ಏನು ಬಂತು?' ಎಂದು ಕೇಳಿದರೆ ಮುಗಿಯಿತು. ಸಂಜೆ ಪುಸ್ತಕ ತಿದ್ದುವಾಗ ಸಿಕ್ಕರೆ, ಅಷ್ಟರಲ್ಲಿ ಮಗು ಅದೇ ತಪ್ಪಿನಲ್ಲಿ ಹತ್ತು ಲೆಕ್ಕ ಮಾಡಿ ಕೈಗೆ ಅಭ್ಯಾಸ ಮಾಡಿಕೊಂಡಿರುತ್ತದೆ. ಐದನೇ ತರಗತಿಯ ಇಂಗ್ಲಿಷ್ ಪಾಠ ಹೇಳುತ್ತಿರುವವರು ನಾಲ್ಕನೇ ತರಗತಿಯ ಪೆನ್ಸಿಲ್ ಎಲ್ಲಿ ನಿಂತಿದೆ ಎಂದು ಹೇಗೆ ನೋಡುತ್ತಾರೆ?

ಮೇಲಾಗಿ ಈ ಎರಡನೆಯವರೇ ಮುಖ್ಯ ಶಿಕ್ಷಕರು. ಬೆಳಗ್ಗೆ ಕ್ಷೀರಭಾಗ್ಯದ ಹಾಲು: ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು; ಗಂಟು ಬಾರದಂತೆ ಕದಡಿ, ಕಾಯಿಸಿ, ಕೊಟ್ಟು, ಖಾತೆಗೆ ಏರಿಸಬೇಕು. ಮಧ್ಯಾಹ್ನಕ್ಕೆ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ತೂಗಿ ಕೊಟ್ಟು ದಾಸ್ತಾನು ಪುಸ್ತಕ ಬರೆಯಬೇಕು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಬೇರೆ ಲೆಕ್ಕ. ಮೊಟ್ಟೆಗೆ ಸಿಗುವುದು 6 ರೂಪಾಯಿ, ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚಾದ ವಾರ ಮೇಲಿನದ್ದು ಮುಖ್ಯ ಶಿಕ್ಷಕರ ಕೈಯಿಂದ. 25 ಮಕ್ಕಳವರೆಗೆ ಅಡುಗೆಯವರು ಒಬ್ಬರೇ. ಆ ಅಕ್ಕನಿಗೆ ಜ್ವರ ಬಂದರೆ ಬದಲಿ ಹುಡುಕುವುದೂ ಇವರೇ. ಆಮೇಲೆ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ವಿವರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಗದು ಪುಸ್ತಕ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದ ನಮೂನೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆ. ಇಬ್ಬರಲ್ಲಿ ಒಬ್ಬರು ತರಬೇತಿಗೋ ರಜೆಗೋ ಹೋದ ದಿನ ಇಡೀ ಶಾಲೆ ಒಬ್ಬರ ಮೇಲೆ. 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾದರು, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಕಳೆದುಹೋದ ಪಾಠವನ್ನು ದೊಡ್ಡ ಶಾಲೆಯಲ್ಲಿ ಹಂಚಿಕೊಂಡು ತುಂಬಬಹುದು. ಇಬ್ಬರೇ ಇರುವಲ್ಲಿ ಹಂಚಿಕೊಳ್ಳಲು ಯಾರಿದ್ದಾರೆ?

ದುಡ್ಡಿನ ಮಾತಿಗೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂ., 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000. ಹತ್ತು ಸಾವಿರದಲ್ಲಿ ಶೇ 10 ಸ್ವಚ್ಛತೆಗೆ ಮೀಸಲು, ಉಳಿದದ್ದು 9,000. ನಮ್ಮ ಹಳೆಯ ಶಾಲೆಗಳೆಲ್ಲ ಮಂಗಳೂರು ಹೆಂಚಿನವು. ಮೇ ತಿಂಗಳಲ್ಲಿ ಹೆಂಚು ಇಳಿಸಿ, ಒಡೆದದ್ದು ತೆಗೆದು, ಗೆದ್ದಲು ತಿಂದ ರೀಪು ಬದಲಿಸಿ ಮತ್ತೆ ಹೊದಿಸಲು ಇಬ್ಬರು ಕೆಲಸದವರಿಗೆ ನಾಲ್ಕು ದಿನದ ಕೂಲಿ ಕೊಟ್ಟರೆ ಅಲ್ಲಿಗೆ ವರ್ಷದ ದುಡ್ಡು ಬಹುಪಾಲು ಮುಗಿಯಿತು. ಚಾಕ್‌ಪೀಸಿಗೂ ಊರವರ ಮುಂದೆ ಕೈಚಾಚಬೇಕು. ಇನ್ನೊಂದು ಕಡೆ, ಇಬ್ಬರು ಶಿಕ್ಷಕರ ಸಂಬಳ ಸೇರಿ ತಿಂಗಳಿಗೆ ಒಂದೂವರೆ ಲಕ್ಷ ಎಂದು ಹಿಡಿಯಿರಿ, ವರ್ಷಕ್ಕೆ 18 ಲಕ್ಷ. ಹದಿನೆಂಟು ಮಕ್ಕಳಿಗೆ ತಲಾ ಒಂದು ಲಕ್ಷ. ಸರ್ಕಾರ ಒಂದು ಮಗುವಿಗೆ ಲಕ್ಷ ರೂಪಾಯಿ ಹಾಕುತ್ತಿದೆ, ಆ ಮಗುವಿಗೆ ತಲುಪುತ್ತಿರುವುದು ದಿನದ ಅರ್ಧ ಪಾಠ! ಇಂಥ ಐದು ಶಾಲೆಯ ಹತ್ತು ಶಿಕ್ಷಕರನ್ನು ಒಂದೇ ಕಡೆ ತಂದರೆ ತರಗತಿಗೊಬ್ಬರು ಸಿಗುತ್ತಾರೆ, ಇಂಗ್ಲಿಷಿಗೆ, ಆಟಕ್ಕೆ, ಚಿತ್ರಕ್ಕೆ ಪ್ರತ್ಯೇಕ ಜನ ಸಿಗುತ್ತಾರೆ. ಹುದ್ದೆ ಕಡಿತ ಮಾಡಬಾರದು ಎಂಬ ಷರತ್ತನ್ನು ಆದೇಶದಲ್ಲೇ ಸೇರಿಸಿದರಾಯಿತು.

ಮಕ್ಕಳು ಎಲ್ಲಿ ಹೋದರು ಎಂಬುದಕ್ಕೆ ಗುಟ್ಟೇನೂ ಇಲ್ಲ. ಹುಟ್ಟುವ ಮಕ್ಕಳೇ ಕಡಿಮೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಉಡುಪಿಯದ್ದು ಶೇ 86.24, ರಾಜ್ಯದ್ದು ಶೇ 75.36. ಓದಿದ ತಾಯಂದಿರ ಜಿಲ್ಲೆಗಳಿವು, ಮನೆಗೆ ಒಂದೋ ಎರಡೋ ಮಕ್ಕಳು. ಆ ಒಂದೆರಡು ಮಕ್ಕಳಿಗೆ ತಂದೆ-ತಾಯಿ ಹುಡುಕುವುದು ಮೂರು: ಎಲ್‌ಕೆಜಿ, ಇಂಗ್ಲಿಷ್ ಮಾಧ್ಯಮ, ಮನೆ ಬಾಗಿಲಿಗೆ ಹಳದಿ ಬಸ್ಸು. ನಾಲ್ಕು ವರ್ಷಕ್ಕೆ ಖಾಸಗಿ ಶಾಲೆಯ ಎಲ್‌ಕೆಜಿ ಮೆಟ್ಟಿಲು ಹತ್ತಿದ ಮಗು ಆರಕ್ಕೆ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಳಿದು ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಿಟ್ಟ ಶೇ 25ರ ಸೀಟುಗಳೇ ಸರ್ಕಾರಿ ಶಾಲೆಯನ್ನು ಖಾಲಿ ಮಾಡಿದ್ದು ಎಂಬ ವಾದ ಒಂದು ಕಾಲಕ್ಕೆ ಚೆನ್ನಾಗಿತ್ತು. 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ ಎಂದಾಯಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿಡ್ ವರ್ಷಗಳಲ್ಲಿ ತುಸು ಏರಿದ ದಾಖಲಾತಿ ಮತ್ತೆ ಇಳಿಯಿತು. ಪೋಷಕರು ಸಾಲ ಮಾಡಿ ಫೀಸು ಕಟ್ಟಿದರೇ ಹೊರತು ಹಿಂದಿರುಗಲಿಲ್ಲ. ಅವರಿಗೆ ಬೇಕಾದ ಮೂರನ್ನೂ ಒಂದೇ ಕಡೆ ಕೊಡಬಲ್ಲದ್ದು ಪಬ್ಲಿಕ್ ಶಾಲೆ ಮಾತ್ರ, ಎಲ್‌ಕೆಜಿಯಿಂದ ಪಿಯುಸಿವರೆಗೆ. 'ಕನ್ನಡ ಶಾಲೆ ಉಳಿಸಿ' ಎಂದು ಫ್ಲೆಕ್ಸ್ ಕಟ್ಟಿ ಭಾಷಣ ಮಾಡುವವರ ಮಕ್ಕಳು ಯಾವ ಬಸ್ಸು ಹತ್ತುತ್ತಾರೆ ಎಂದು ಬೆಳಗ್ಗೆ ಎಂಟಕ್ಕೆ ರಸ್ತೆಬದಿ ನಿಂತರೆ ಗೊತ್ತಾಗುತ್ತದೆ.

ಹಾಗಾದರೆ ಒಳಊರಿನ ಶಾಲೆಯಲ್ಲಿ ಉಳಿದವರು ಯಾರು? ಬೀಡಿ ಕಟ್ಟುವವರ, ಕೂಲಿಯವರ, ಕೊರಗ ಮತ್ತು ಮಲೆಕುಡಿಯ ಬುಡಕಟ್ಟು ಕುಟುಂಬಗಳ ಮಕ್ಕಳು. ಪೇಟೆ ಬದಿಯಲ್ಲಾದರೆ ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಆಯ್ಕೆ ಇದ್ದವರೆಲ್ಲ ಹೋದ ಮೇಲೆ ಆಯ್ಕೆ ಇಲ್ಲದವರನ್ನೇ ಒಂದು ಕೋಣೆಯಲ್ಲಿ ಕೂರಿಸಿ ಅದಕ್ಕೆ 'ನೆರೆಹೊರೆಯ ಶಾಲೆ' ಎಂದು ಹೆಸರಿಡುತ್ತೇವೆ. ನಾಲ್ಕನೇ ತರಗತಿಯಲ್ಲಿ ಇಬ್ಬರೇ ಇರುವ ಮಗುವಿಗೆ ಪೈಪೋಟಿಯೂ ಇಲ್ಲ, ಜೊತೆಯೂ ಇಲ್ಲ. ಕಬಡ್ಡಿಗೆ ಏಳು ಜನ ಬೇಕು. ಎರಡು ತಂಡ ಮಾಡಲು ಒಂದನೇ ತರಗತಿಯ ಮಗುವನ್ನೂ ಅಂಗಳಕ್ಕೆ ಇಳಿಸಬೇಕು. 1892ರಲ್ಲಿ ಸಮಾಜ ಸುಧಾರಕ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ಬೇರೆ ಶಾಲೆ ತೆರೆದದ್ದು ಬೇರೆ ಶಾಲೆಗಳು ಅವರನ್ನು ಒಳಗೆ ಬಿಡದಿದ್ದ ಕಾಲಕ್ಕೆ. ಈಗ ಮತ್ತೆ ಬಡವರಿಗೆ ಪ್ರತ್ಯೇಕ ಶಾಲೆ ನಡೆಸುವ ಅಗತ್ಯವೇನಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ತೋರಿಸಿ 'ನಮ್ಮಲ್ಲಿ ಎಲ್ಲ ಸರಿ ಇದೆ' ಎನ್ನುವವರಿದ್ದಾರೆ. 2024ರಲ್ಲಿ ಉಡುಪಿ ಶೇ 94, ದಕ್ಷಿಣ ಕನ್ನಡ ಶೇ 92.12, ಮೊದಲೆರಡು ಸ್ಥಾನ. ರಾಜ್ಯದ್ದು ಶೇ 73.40. ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷವದು, ಹಾಗಾಗಿ ಅಂಕಿಗೆ ಬೆಲೆ ಇದೆ, ಒಪ್ಪೋಣ. ಆದರೆ ಅದರಲ್ಲಿ ಖಾಸಗಿ, ಅನುದಾನಿತ, ಸರ್ಕಾರಿ ಮೂರೂ ಕಲಸಿವೆ, ಮತ್ತು ಅದು ವಿಷಯಕ್ಕೊಬ್ಬ ಶಿಕ್ಷಕರಿರುವ ಪ್ರೌಢಶಾಲೆಗಳ ಫಲಿತಾಂಶ. ಅಲ್ಲಿಗೆ ಬಂದ ಮೇಲೆ ಎಂಟನೇ ತರಗತಿಯಲ್ಲಿ ಸೇತುಬಂಧದ ಹೆಸರಿನಲ್ಲಿ ಭಾಗಾಕಾರವನ್ನು ಮತ್ತೆ ಮೊದಲಿಂದ ಹೇಳಿಕೊಡುವವರನ್ನು ಕೇಳಿ ನೋಡಿ.

ಮಾಡುವುದಾದರೆ ಕ್ರಮದಲ್ಲಿ ಮಾಡಬೇಕು. ಜೂನ್‌ನಲ್ಲಿ ಆದೇಶ ಹೊರಡಿಸಿದರೆ ಅಷ್ಟರಲ್ಲಿ ಪೋಷಕರು ಖಾಸಗಿಗೆ ಮುಂಗಡ ಕಟ್ಟಿರುತ್ತಾರೆ. ಜನವರಿಯೊಳಗೆ ಎಸ್‌ಡಿಎಂಸಿ ಸಭೆ ಕರೆದು ನಿರ್ಣಯ ಮಾಡಿಸಬೇಕು. ಮೊದಲ ವರ್ಷ ನಾಲ್ಕು ಮತ್ತು ಐದನೇ ತರಗತಿ ಹೋಗಲಿ, ನಲಿಕಲಿ ಅಲ್ಲೇ ಇರಲಿ. ಅಣ್ಣ-ಅಕ್ಕ ಹೋಗಿ ಬರುವುದನ್ನು ನೋಡಿದ ಮೇಲೆ ಮರುವರ್ಷ ಚಿಕ್ಕವರು. ವರ್ಗಾವಣೆ ಪತ್ರಕ್ಕೆ ಪೋಷಕರನ್ನು ಅಲೆಸಬಾರದು, ಶಾಲೆಯಿಂದ ಶಾಲೆಗೆ ಸ್ಯಾಟ್ಸ್‌ನಲ್ಲೇ ಕಳಿಸಬೇಕು. ಅಡುಗೆಯ ಅಕ್ಕನಿಗೆ ಹೊಸ ಶಾಲೆಯಲ್ಲಿ ಕೆಲಸ ಕೊಡಬೇಕು. ಖಾಲಿಯಾದ ಕಟ್ಟಡ ಅಂಗನವಾಡಿಗೋ ಗ್ರಂಥಾಲಯಕ್ಕೋ ಹೋಗಲಿ. ದೂರದ ಪ್ರಶ್ನೆ ಎಲ್ಲರೂ ಎತ್ತುತ್ತಾರೆ. ಅದಕ್ಕೆ ಉತ್ತರ ವಾಹನ, ಸಮಗ್ರ ಶಿಕ್ಷಣದಲ್ಲಿ ಮಗುವಿಗೆ ವರ್ಷಕ್ಕೆ 6,000 ರೂ.ವರೆಗೆ ಅವಕಾಶವೂ ಇದೆ. ಖಾಸಗಿ ಶಾಲೆಯ ಬಸ್ಸು ಹೋಗುವ ಗುಡ್ಡೆಗೆ ಸರ್ಕಾರಿ ಶಾಲೆಯ ವ್ಯಾನು ಹೋಗುವುದಿಲ್ಲ ಎನ್ನುವವರ ಜೊತೆ ವಾದ ಮಾಡಿ ಫಲವಿಲ್ಲ.

ವಿರೋಧ: ವ್ಯಾನು ಯಾರ ಹೆಸರಿನಲ್ಲಿ?

ವಿರೋಧದ ಕಡೆ ಬರೆಯಿರಿ ಎಂದು ಕೇಳಿದ್ದಾರೆ, ಬರೆಯುತ್ತಿದ್ದೇನೆ. ನಾಲ್ಕು ಮಕ್ಕಳಿರುವ ಶಾಲೆಯನ್ನೂ ಉಳಿಸಿ ಎಂದು ವಾದಿಸುವುದು ನನ್ನಿಂದಾಗದು. ಅದು ಮಕ್ಕಳಿಗೂ ಒಳ್ಳೆಯದಲ್ಲ. ನನ್ನ ಮಾತು ಹದಿನೈದರಿಂದ ನಲವತ್ತು ಮಕ್ಕಳಿರುವ ಶಾಲೆಗಳದ್ದು.

ಮೊದಲು ಶಿಕ್ಷಕರ ಲೆಕ್ಕ. ಪರವಾಗಿ ಬರೆದವರು ಅನುಸೂಚಿಯನ್ನು ಓದಿ ಎಂದರು, ಓದಿದೆ. ಅದೇ ಅನುಸೂಚಿಯನ್ನು ಅವರು ಅರ್ಧಕ್ಕೆ ಬಿಟ್ಟಿದ್ದಾರೆ. 110 ಮಕ್ಕಳ ಒಂದು ಶಾಲೆಗೆ ಸುತ್ತಲಿನ ಐದು ಶಾಲೆಯ 90 ಮಕ್ಕಳನ್ನು ಸೇರಿಸಿದಿರಿ ಎಂದುಕೊಳ್ಳಿ. 110ಕ್ಕೆ ನಾಲ್ವರು ಶಿಕ್ಷಕರಿದ್ದರು. 200ಕ್ಕೆ ಸಿಗುವುದು ಐವರು ಮತ್ತು ಒಬ್ಬ ಮುಖ್ಯ ಶಿಕ್ಷಕರು. ಐದು ಶಾಲೆಗಳಲ್ಲಿದ್ದ ಹತ್ತು ಜನರಲ್ಲಿ ಎರಡು ಹುದ್ದೆ ಮಾತ್ರ ಮಕ್ಕಳ ಜೊತೆ ಬರುತ್ತದೆ. ಉಳಿದ ಎಂಟು ಮಂದಿ 'ಹೆಚ್ಚುವರಿ ಶಿಕ್ಷಕರ ಪಟ್ಟಿ' ಸೇರಿ, ಕೌನ್ಸೆಲಿಂಗ್‌ನಲ್ಲಿ ಬೇರೆ ಕಡೆ ಹೋಗುತ್ತಾರೆ. ತರಗತಿಗೊಬ್ಬರು ಬರುತ್ತಾರೆ, ನಿಜ. ಒಬ್ಬೊಬ್ಬರ ಮುಂದೆ ನಲವತ್ತು ಮಕ್ಕಳು. ಪೆನ್ಸಿಲ್ ಎಲ್ಲಿ ನಿಂತಿತೆಂದು ನಲವತ್ತರ ನಡುವೆ ನೋಡುವವರು ಯಾರು? ಹುದ್ದೆ ಕಡಿತ ಮಾಡಬಾರದೆಂಬ ಷರತ್ತನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದಾರೆ. ಸಂಬಳದ ಉಳಿತಾಯ ಆಗದಿದ್ದರೆ ಹಣಕಾಸು ಇಲಾಖೆ ಈ ಕಡತವನ್ನು ಮುಂದಕ್ಕೆ ಕಳಿಸುತ್ತದೆಯೇ? ಇನ್ನು, ಮೊದಲ ವರ್ಷ ನಲಿಕಲಿ ಅಲ್ಲೇ ಇರಲಿ ಎಂಬ ಸೂತ್ರ. ಹನ್ನೆರಡು ಪುಟ್ಟ ಮಕ್ಕಳಿಗೆ ಒಬ್ಬ ಟೀಚರ್ ಉಳಿದರೆ ಅದು ಏಕೋಪಾಧ್ಯಾಯ ಶಾಲೆ. ಇಬ್ಬರಿಗಿಂತ ಕಡಿಮೆ ಇರಬಾರದೆಂದು ಆ ಅನುಸೂಚಿಯೇ ಹೇಳುತ್ತದೆ.

ಈಗ ವ್ಯಾನು. ಫಲವಿಲ್ಲದ ವಾದ ಎಂದರು, ಆದರೂ ಮಾಡುತ್ತೇನೆ, ಏಕೆಂದರೆ ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ. ನಿಯಮದಲ್ಲಿ ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಬೆಳ್ತಂಗಡಿ, ಸುಳ್ಯ, ಹೆಬ್ರಿ, ಬೈಂದೂರಿನ ಕಡೆ ಕಿಲೋಮೀಟರನ್ನು ಮ್ಯಾಪಿನಲ್ಲಿ ಅಳೆದರೆ ಆಗದು. ಮ್ಯಾಪಿನಲ್ಲಿ 900 ಮೀಟರ್ ಕಾಣುವ ದಾರಿಯ ನಡುವೆ ತೋಡು, ಅಂದರೆ ಸಣ್ಣ ಹಳ್ಳ ಇರುತ್ತದೆ. ತೋಡಿಗೆ ಎರಡು ಅಡಕೆ ಮರದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ಜನವರಿಯಲ್ಲಿ ಸಮೀಕ್ಷೆಗೆ ಬಂದವರು ಒಣ ತೋಡನ್ನು ಇಳಿದು ಹತ್ತಿ 'ದಾರಿ ಇದೆ' ಎಂದು ಬರೆದುಕೊಳ್ಳುತ್ತಾರೆ. ಜುಲೈಯಲ್ಲಿ ಅಡಕೆ ಮರದ ಮೇಲೆ ಪಾಚಿ ಕಟ್ಟುತ್ತದೆ, ನೀರು ಮರಕ್ಕೆ ತಾಗಿಕೊಂಡು ಹರಿಯುತ್ತದೆ, ಮಗುವಿನ ಒಂದು ಕೈಯಲ್ಲಿ ಕೊಡೆ, ಬೆನ್ನಲ್ಲಿ ಚೀಲ. ಬಿದಿರು ಹಿಡಿಯಲು ಉಳಿಯುವುದು ಇನ್ನೊಂದು ಕೈ ಮಾತ್ರ, ಗಾಳಿ ಬಂದರೆ ಅದೂ ಕೊಡೆಗೆ ಹೋಗುತ್ತದೆ. ಸಂಕದ ಆಚೆಗೆ ವ್ಯಾನು ಬರುವುದಿಲ್ಲ. ಅಂದರೆ ವ್ಯಾನು ಕೊಟ್ಟ ಮೇಲೂ ಮಗು ಡಾಮಾರು ರಸ್ತೆಯವರೆಗೆ ನಡೆದೇ ಬರಬೇಕು. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿದ ಪುಟ್ಟ ಬಾಲಕಿಯನ್ನು ಜಿಲ್ಲೆ ಮರೆತಿಲ್ಲ. ಹತ್ತಿರದ ಶಾಲೆಗೇ ಇಷ್ಟು ಅಪಾಯದಲ್ಲಿ ಹೋಗುವವರನ್ನು ದೂರದ್ದಕ್ಕೆ ಕಳಿಸುವ ಮೊದಲು ಸಂಕ ಕಟ್ಟಿಸಬೇಕಲ್ಲವೇ?

6,000 ರೂಪಾಯಿ ಎಲ್ಲಿಗೆ ಸಾಕಾಗುತ್ತದೆ? ಹದಿನೆಂಟು ಮಕ್ಕಳಿಗೆ ವರ್ಷಕ್ಕೆ 1,08,000. ತಿಂಗಳಿಗೆ 30,000 ಬಾಡಿಗೆಗೆ ಯಾರಾದರೂ ಒಪ್ಪಿದರು ಎಂದಿಟ್ಟುಕೊಂಡರೂ ಹತ್ತು ತಿಂಗಳಿಗೆ ಮೂರು ಲಕ್ಷ. ಮೇಲಿನ ಎರಡು ಲಕ್ಷ ಯಾರು ಕೊಡುತ್ತಾರೆ? ಹಳೆ ವಿದ್ಯಾರ್ಥಿ ಸಂಘ, ದಾನಿಗಳು ಎನ್ನುತ್ತಾರೆ. ದಾನಿಗಳ ವ್ಯಾನಿನ ಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಮೊದಲ ವರ್ಷ ರಿಬ್ಬನ್, ಫೋಟೊ, ಒಳ್ಳೆಯ ಡ್ರೈವರ್. ಎರಡನೆಯ ವರ್ಷ ಇನ್ಶೂರೆನ್ಸ್ ಕಂತು ಯಾರು ಕಟ್ಟುವುದು ಎಂಬ ಚರ್ಚೆ, ಏಕೆಂದರೆ ಆರ್‌ಸಿ ಟ್ರಸ್ಟಿನ ಹೆಸರಲ್ಲಿದೆಯೋ ಎಸ್‌ಡಿಎಂಸಿ ಅಧ್ಯಕ್ಷರ ಹೆಸರಲ್ಲಿದೆಯೋ ಸ್ಪಷ್ಟವಿಲ್ಲ, ಅಧ್ಯಕ್ಷರೋ ಬದಲಾಗಿದ್ದಾರೆ. ಮೂರನೆಯ ವರ್ಷ ನಾಲ್ಕು ಟಯರು, ಕ್ಲಚ್ಚು, ಫಿಟ್‌ನೆಸ್ ಸರ್ಟಿಫಿಕೇಟು. ಡ್ರೈವರ್‌ಗೆ ಎರಡು ತಿಂಗಳ ಸಂಬಳ ಬಾಕಿಯಾದಾಗ ಅವರು ಬೇರೆ ಕಡೆ ಹೋಗುತ್ತಾರೆ. ವ್ಯಾನು ಶಾಲೆಯ ಶೆಡ್ಡಿನಲ್ಲಿ ನಿಲ್ಲುತ್ತದೆ, ಮಕ್ಕಳು ಮನೆಯಲ್ಲಿ. ಹಳೆಯ ಶಾಲೆಗೆ ಹಿಂದಿರುಗೋಣ ಎಂದರೆ ಅದಕ್ಕೆ ಬೀಗ.

ಒಂದೇ ವ್ಯಾನು ಎರಡು ದಿಕ್ಕಿಗೆ ಹೋಗಬೇಕಾದಲ್ಲಿ ಮೊದಲ ಟ್ರಿಪ್ಪಿನ ಮಕ್ಕಳನ್ನು ಎಂಟು ಗಂಟೆಗೇ ತಂದು ಬಿಡುತ್ತಾರೆ. ಶಾಲೆ ತೆರೆಯುವವರೆಗೆ ಅವರನ್ನು ನೋಡಿಕೊಳ್ಳುವವರಿಲ್ಲ. ಸಂಜೆ ಕೊನೆಯ ಟ್ರಿಪ್ಪಿನವರು ಮನೆ ಸೇರುವಾಗ ಮಳೆಗಾಲದ ಕತ್ತಲೆ. ಭಾರೀ ಮಳೆಗೆ ಜಿಲ್ಲಾಧಿಕಾರಿಗಳು ಬೆಳಗ್ಗೆ ರಜೆ ಸಾರಿದ ದಿನ ಸಂದೇಶ ವಾಟ್ಸಾಪ್‌ನಲ್ಲಿ ಬರುವಷ್ಟರಲ್ಲಿ ವ್ಯಾನು ಅರ್ಧ ದಾರಿ ಬಂದಿರುತ್ತದೆ, ತಾಯಿ ಕೆಲಸಕ್ಕೆ ಹೋಗಿರುತ್ತಾಳೆ. ಖಾಸಗಿ ಶಾಲೆಯ ಬಸ್ಸಿಗೆ ಕಾಯುವ ಮಗುವಿನ ಹಿಂದೆ ಬೈಕು ಇರುವ ತಂದೆಯೋ ಮನೆಯಲ್ಲಿರುವ ಅಜ್ಜಿಯೋ ಇರುತ್ತಾರೆ. ಈ ಮಕ್ಕಳ ಹಿಂದೆ ಅದಿಲ್ಲ ಎಂಬುದೇ ವ್ಯತ್ಯಾಸ.

ವಲಸೆ ಬಂದವರ ಮಕ್ಕಳ ವಿಷಯ ಎರಡೇ ಮಾತು. ಅವರು ಕೆಲಸ ಇದ್ದಲ್ಲಿ ಇರುತ್ತಾರೆ, ವರ್ಷದ ನಡುವೆ ಬರುತ್ತಾರೆ, ಹೋಗುತ್ತಾರೆ. ವಯಸ್ಸಿಗೆ ತಕ್ಕ ತರಗತಿಗೆ, ದಾಖಲೆ ಇಲ್ಲದಿದ್ದರೂ, ಯಾವಾಗ ಬಂದರೂ ಸೇರಿಸಿಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. ಅವರು ಉಳಿದುಕೊಂಡ ಶೆಡ್ಡಿನಿಂದ ನಡೆದು ಹೋಗುವ ದೂರದಲ್ಲಿ ಶಾಲೆ ಇದ್ದರೆ ಆ ಸಾಲಿಗೆ ಅರ್ಥ.

ಶಾಲೆ ಖಾಲಿಯಾದದ್ದರ ಬಗ್ಗೆ ಇನ್ನೊಂದು ಮಾತು. ಶೇ 25ರ ಸೀಟಿಗೆ ಸರ್ಕಾರ ಒಂದು ಮಗುವಿಗೆ 16,000 ರೂ.ವರೆಗೆ ಖಾಸಗಿ ಶಾಲೆಗೆ ಕಟ್ಟಿತು. ತನ್ನ ಮೂವತ್ತು ಮಕ್ಕಳ ಇಡೀ ಶಾಲೆಗೆ ವರ್ಷಕ್ಕೆ ಕೊಡುವ ಅನುದಾನಕ್ಕಿಂತ ಅದು ಹೆಚ್ಚು. ಹೆಂಚು ಸೋರುತ್ತದೆ ಎಂದು ಶಾಲೆಯನ್ನೇ ಮುಚ್ಚುವವರು ಹೆಂಚಿಗೆ ದುಡ್ಡು ಕೊಟ್ಟು ನೋಡಿದ್ದಾರೆಯೇ?

ಬಹುವರ್ಗ ಬೋಧನೆಯ ಕಷ್ಟ ದೊಡ್ಡದಾಗಿ ಬರೆದಿದ್ದಾರೆ. ಕಷ್ಟ ಇದೆ. ಆದರೆ ಅದನ್ನು ಓದಿದರೆ ನಾಲ್ಕನೇ ತರಗತಿಗೆ ವ್ಯಾನು ಹತ್ತಿಸಿದ ತಕ್ಷಣ ಮಗುವಿಗೆ ಭಾಗಾಕಾರ ಬಂದುಬಿಡುತ್ತದೆ ಎನಿಸುತ್ತದೆ. ಶೇ 94 ತಂದ ಉಡುಪಿಯ ಮಕ್ಕಳಲ್ಲಿ ಎಷ್ಟೋ ಜನ ಇಂಥ ಸಣ್ಣ ಶಾಲೆಗಳಿಂದಲೇ ಹೋದವರು. 2025ರಲ್ಲೂ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಉಡುಪಿ ಶೇ 89.96ರೊಂದಿಗೆ ಎರಡನೆಯದು. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆ ಮುಚ್ಚುವ ಸ್ಥಿತಿಯಿಂದ ಊರವರ ಪ್ರಯತ್ನದಲ್ಲಿ ಎದ್ದು ನಿಂತಿತು. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದ್ದು ಊರಿನೊಳಗೇ ಶಾಲೆ ಬೇಕೆಂದು. ಎಲ್ಲ ಊರಿಗೂ ಹಾಜಬ್ಬ ಸಿಗುವುದಿಲ್ಲ ಎಂಬ ಉತ್ತರ ಬರುತ್ತದೆ, ಸರಿಯೇ. ಹಾಗಿದ್ದರೆ ಎಲ್‌ಕೆಜಿಯನ್ನು ಈ ಶಾಲೆಗಳಲ್ಲೇ ಅಂಗನವಾಡಿ ಜೊತೆ ಶುರು ಮಾಡಿ, ಇಂಗ್ಲಿಷಿಗೂ ಆಟಕ್ಕೂ ಒಬ್ಬೊಬ್ಬರನ್ನು ಕ್ಲಸ್ಟರಿನ ಮೂರು ಶಾಲೆಗೆ ವಾರಕ್ಕೆ ಎರಡೆರಡು ದಿನ ಓಡಾಡಿಸಿ. ಪ್ರತಿದಿನ ಮಕ್ಕಳನ್ನು ಸಾಗಿಸುವುದಕ್ಕಿಂತ ಶಿಕ್ಷಕರನ್ನು ಸಾಗಿಸುವುದು ಅಗ್ಗ.

ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದು, ಡಾಮಾರು ರಸ್ತೆಯಲ್ಲೇ ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಸರ್ಕಾರಿ ಶಾಲೆ ಇದ್ದರೆ ಸೇರಿಸಿ, ನಾನು ಅಡ್ಡ ಬರುವುದಿಲ್ಲ. ಅಲ್ಲೂ ಒಂದು ಕೆಲಸ ಮೊದಲು ಆಗಬೇಕು. ನಮ್ಮ ಕಡೆಯ ಎಷ್ಟೋ ಶಾಲೆಗಳು ದಾನದ ಜಾಗದಲ್ಲಿವೆ. ಕೊಟ್ಟವರು ಬಾಯಿಮಾತಲ್ಲಿ ಕೊಟ್ಟರು, ಪಹಣಿಯಲ್ಲಿ ಇಂದಿಗೂ ಅವರ ಕುಟುಂಬದ ಹೆಸರೇ ಇದೆ. ಮಕ್ಕಳು ಓಡಾಡುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ಬೀಗ ಬಿದ್ದ ಮರುವರ್ಷ ಬೇಲಿ ಬರುತ್ತದೆ, ಆಮೇಲೆ ಅಂಗನವಾಡಿಯೂ ಇಲ್ಲ, ಗ್ರಂಥಾಲಯವೂ ಇಲ್ಲ. ವಿಲೀನದ ಆದೇಶಕ್ಕೆ ಸಹಿ ಬೀಳುವ ಮೊದಲು ಸರ್ವೆ ಮಾಡಿಸಿ, ಗಡಿ ಕಲ್ಲು ಹಾಕಿಸಿ, ಪಹಣಿಯನ್ನು ಶಾಲೆಯ ಹೆಸರಿಗೆ ಮಾಡಿಸಿ ಪ್ರತಿಯನ್ನು ಪಂಚಾಯತಿಗೆ ಕೊಡಬೇಕು.